ಹ್ಯಾಂಡಲ್ ಎಫ್ ಮೇಜರ್ ರೆಕಾರ್ಡರ್ ಸೊನಾಟಾ (ಹ್ಯಾಂಡಲ್ ಕೃತಿಪಟ್ಟಿಯಲ್ಲಿ ಎಚ್‌ಡಬ್ಲ್ಯುವಿ 369): ಕೀಬೋರ್ಡ್ ಜೊತೆ ಶ್ರುತಿ ಸೇರ್ತಿಲ್ಲ

ಕಿರುಕೊಳಲು:
ನನ್ನದು ಪ್ಲಾಸ್ಟಿಕ್ ಆಲ್ಟೊ ರೆಕಾರ್ಡರ್, ಅಂದ್ರೆ ತುದಿಯಿಂದ ಊದುವ ಕೊಳಲು. ಜೊತೆಗೆ ಡಿಜಿಟಲ್ ಪಿಯಾನೊ, ಹಾರ್ಪ್ಸಿಕಾರ್ಡ್ ದನಿ, ಎ=440 (ಎ ಸ್ವರ ಸೆಕೆಂಡಿಗೆ 440 ಕಂಪನ). ಮೊದಲ ಭಾಗ ಲಾರ್ಗೆಟ್ಟೊ ಶುರುವಿನಲ್ಲಿ ಸರಿ ಇರುತ್ತೆ. ಎರಡನೇ ಭಾಗ ಅಲೆಗ್ರೊ ಹೊತ್ತಿಗೆ ರೆಕಾರ್ಡರ್ ಶ್ರುತಿ ಏರಿ ದನಿ ಕಟ್ಟಿಕೊಳ್ಳುತ್ತೆ. ಮೂರನೇ ಭಾಗ ಸಿಸಿಲಿಯಾನಾದ ಸಿ ಶಾರ್ಪ್ ಅಂತೂ ಕಿವಿಗೆ ಚುಚ್ಚುತ್ತೆ. ತಲೆಭಾಗ 4 ಮಿ.ಮೀ. ಎಳೆದರೆ ಮೇಲಿನ ಇ ತೀರಾ ಇಳಿಯುತ್ತೆ, ಕೆಳಗಿನ ಎಫ್ ಅಷ್ಟು ಇಳಿಯಲ್ಲ. ವಾದ್ಯ ಬದಲಿಸಬೇಕಾ?

ಮಂದ್ರ:
ಬೇಡ. ತಣ್ಣಗಿರುವ ವಾದ್ಯಕ್ಕೆ ಶ್ರುತಿ ಸೇರಿಸ್ತಿದ್ದೀರಿ, ಎಡವಟ್ಟು ಅಲ್ಲೇ. ಒಳಗಿನ ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು 3 ಸೆಂಟ್ (ಸೆಂಟ್ ಅಂದ್ರೆ ಅರ್ಧ ಸ್ವರದ ನೂರನೇ ಒಂದು ಪಾಲು) ಏರುತ್ತೆ. 5 ಡಿಗ್ರಿಗೆ 15. ತಲೆಭಾಗವನ್ನು ಹತ್ತು ನಿಮಿಷ ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿ, ಎರಡು ನಿಮಿಷ ನುಡಿಸಿ, ಆಮೇಲೆ ಟ್ಯೂನರ್ ನೋಡಿ.

2 ಮಿ.ಮೀ. ಎಳೆದರೆ ಕೆಳಗಿನ ಎಫ್ ಸುಮಾರು 7 ಸೆಂಟ್ ಇಳಿದರೆ ಅದರ ಮೇಲಿನ ಇ ಸುಮಾರು 13 ಇಳಿಯುತ್ತೆ, ಯಾಕಂದ್ರೆ ಅಲ್ಲಿ ಗಾಳಿಕಂಬ ಗಿಡ್ಡ. 4 ಮಿ.ಮೀ. ಅಂದ್ರೆ ವಾದ್ಯದ ಒಳಗೇ ಜಗಳ ಹಚ್ಚಿದ ಹಾಗೆ. ಈಗಿನ ಎಷ್ಟೋ ರೆಕಾರ್ಡರ್‌ಗಳು 442ಕ್ಕೇ ಮಾಡಿದವು. ತಲೆ ಒಳಗೆ ತಳ್ಳಿ, ಪಿಯಾನೊವನ್ನೇ 442ಕ್ಕೆ ಏರಿಸಿ.

ದನಿ ಕಟ್ಟೋದು ಗಾಳಿದಾರಿಯಲ್ಲಿ ನಿಂತ ನೀರಹನಿಯಿಂದ. ತಲೆಭಾಗದ ಮುಂದಿರುವ ಚೌಕ ತೆರಪು, ಅಂದ್ರೆ ಕಿಟಕಿಯ ಮೇಲೆ ಬೆರಳು ಮೆಲ್ಲಗಿಟ್ಟು ಜೋರಾಗಿ ಊದಿ. ಚೂಪು ಅಂಚನ್ನು ಮುಟ್ಟಬೇಡಿ. ಪದೇ ಪದೇ ಕಟ್ಟಿದರೆ, ಒಂದು ಪಾಲು ಪಾತ್ರೆ ತೊಳೆಯುವ ದ್ರವಕ್ಕೆ ಹತ್ತು ಪಾಲು ನೀರು ಬೆರೆಸಿ ಗಾಳಿದಾರಿಗೆ ಬಿಟ್ಟು, ಒರೆಸದೆ ಒಣಗಿಸಿ. ಇದು ಪ್ಲಾಸ್ಟಿಕ್‌ಗೆ ಮಾತ್ರ, ಮರದ್ದಕ್ಕೆ ಬೇಡ.

ಕಿರುಕೊಳಲು:
ದನಿ ಬಿಟ್ಟಿತು, ಅಲೆಗ್ರೊ ಸರಿಹೋಯ್ತು. ಆದರೆ ಎಫ್ ಕಾರ್ಡ್‌ನಲ್ಲಿ ನನ್ನ ಎ ಇನ್ನೂ ಕೂಡಲ್ಲ. ಸಿ ಶಾರ್ಪ್ ಹಾಗೇ ಇದೆ.

ತಂಬೂರಿತಂತಿ:
ಇದರಲ್ಲಿ ರೆಕಾರ್ಡರ್ ತಪ್ಪಿಲ್ಲ. ಪಿಯಾನೊದ ಸಮ ಹಂಚಿಕೆಯಲ್ಲಿ (ಹನ್ನೆರಡೂ ಅರ್ಧ ಸ್ವರ ಸಮ) ಎಫ್–ಎ ಅಂತರ 400 ಸೆಂಟ್. ತಂಬೂರಿಯ ಮಂದ್ರದಲ್ಲಿ ತಾನಾಗಿ ಕೇಳುವ ಸ್ವಯಂಭೂ ಗಾಂಧಾರ 386ರಲ್ಲಿದೆ. ನಿಮ್ಮ ಕಿವಿ ಆ ಕಡೆ ಎಳೀತಿದೆ, ಎಳೀಲಿ ಬಿಡಿ. ಪಿಯಾನೊ ಮೆನುವಿನಲ್ಲಿ ಹಳೇ ಕಾಲದ ಶ್ರುತಿ ಹಂಚಿಕೆ ವರ್ಕ್‌ಮೈಸ್ಟರ್ 3 ಇದ್ದರೆ ಸಿ ಮೂಲವಾಗಿಟ್ಟು ಹಾಕಿ: ಎಫ್–ಎ 390ಕ್ಕೆ ಬರುತ್ತೆ. ಕೆಲವು ಪಿಯಾನೊಗಳಲ್ಲಿ ಆಗ ಸಿ ಹಾಗೇ ನಿಂತು ಎ 12 ಸೆಂಟ್ ಕುಸಿಯುತ್ತೆ. ಟ್ಯೂನರ್ ಹಿಡಿದು ಎ ಮತ್ತೆ ಸರಿಮಾಡಿ.

ಸಿಸಿಲಿಯಾನಾ ಡಿ ಮೈನರ್. ಅಲ್ಲಿ ಎ–ಸಿ ಶಾರ್ಪ್ 402 ಆಗುತ್ತೆ, ಅಂದ್ರೆ ಇನ್ನೂ ಕೊಂಚ ಖಾರ. ಮೆನುವಿಂದ ಇದಕ್ಕೆ ಪರಿಹಾರ ಇಲ್ಲ. ಕೀಬೋರ್ಡ್‌ನವರ ಬಲಗೈ ನೋಡಿ. ರೆಕಾರ್ಡರ್‌ನಲ್ಲಿ ಸಿ ಶಾರ್ಪ್ ಬಂದಾಗ ಅವರು ಅದನ್ನೇ ಒತ್ತಬಾರದು, ಎ ಮತ್ತು ಇ ಸಾಕು. ಕಂಟಿನ್ಯುವೊದ (ಬಾಸ್ ಸಾಲಿನ ಮೇಲೆ ಕೀಬೋರ್ಡ್ ಕಾರ್ಡ್ ಕಟ್ಟುವ ಪದ್ಧತಿ) ಹಳೇ ಪಾಠವೇ ಇದು: ಲೀಡಿಂಗ್ ನೋಟ್ (ಷಡ್ಜಕ್ಕೆ ಅರ್ಧ ಸ್ವರ ಕೆಳಗಿನದು, ಇಲ್ಲಿ ಸಿ ಶಾರ್ಪ್) ಇಮ್ಮಡಿ ಮಾಡಬೇಡ. ಅಚ್ಚಾದ ಪ್ರತಿಗಳಲ್ಲಿ ಬಲಗೈ ತುಂಬಿದವರು ಸಂಪಾದಕರು, ಹ್ಯಾಂಡಲ್ ಬರೆದದ್ದು ಬಾಸ್ ಸಾಲು. ಸ್ವರ ಬಿಡೋಕೆ ಹೆದರಬೇಡಿ. ಸಿ ಶಾರ್ಪ್‌ಗೆ ನೀವು ಮುಚ್ಚಬೇಕಾದ ತೂತುಗಳು: ಹೆಬ್ಬೆರಳು, 1, 2, 4, 5, ಜೊತೆಗೆ 6ರ ಜೋಡಿ ತೂತಲ್ಲಿ ಒಂದು. ಇನ್ನೂ ಏರಿದ್ದರೆ ಆ ಜೋಡಿಯ ಎರಡನೇ ತೂತಿನ ಅಂಚನ್ನೂ ಸ್ವಲ್ಪ ಮುಚ್ಚಿ.

ಮಂದ್ರ:
ಇನ್ನೊಂದು. ಮುಂದಿನ 4ನೇ ತೂತು 5ಕ್ಕಿಂತ ದೊಡ್ಡದಿದ್ದರೆ ಅದು ಜರ್ಮನ್ ಬೆರಳುಕ್ರಮದ್ದು. ಬಿ ಫ್ಲ್ಯಾಟ್ ಸಲೀಸು, ಆದರೆ ಸಿ ಮೇಜರ್‌ಗೆ ಹೊರಳಿದಾಗ ಬರುವ ಬಿ ನ್ಯಾಚುರಲ್ ಕೈಕೊಡುತ್ತೆ. ಹಾಗಿದ್ದರೆ ಮಾತ್ರ ವಾದ್ಯ ಬದಲಿಸಿ.

ಕಿರುಕೊಳಲು:
4ನೇದು ಚಿಕ್ಕದು, ಬರೋಕ್ ಕ್ರಮವೇ. ಬಲಗೈಯಲ್ಲಿ ಸಿ ಶಾರ್ಪ್ ಬಿಟ್ಟ ಕೂಡಲೇ ಚುಚ್ಚೋದು ನಿಂತಿತು.