ಚೆಸ್‌ನಲ್ಲಿ ಡ್ರಾ ಆಗಬೇಕಿದ್ದ ರೂಕ್ (ಆನೆ) ಎಂಡ್‌ಗೇಮ್ ಸೋತೆ. ನಿಜವಾದ ತಪ್ಪು ಯಾವ ನಡೆ?

ಮೂರನೇ ಬೋರ್ಡ್:
ಭಾನುವಾರದ ರ‍್ಯಾಪಿಡ್. 25 ನಿಮಿಷ, ನಡೆಗೆ 10 ಸೆಕೆಂಡ್. ಎದುರಿಗೆ ಕೂತಿದ್ದವನಿಗೆ ಹನ್ನೊಂದೋ ಹನ್ನೆರಡೋ ವಯಸ್ಸು, ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ನನಗೆ 47. ಮಧ್ಯದಲ್ಲಿ ಒಂದು ಪಾನ್ (ಕಾಲಾಳು) ಸುಮ್ನೆ ಕಳೆದುಕೊಂಡಿದ್ದೆ, ಆ ಕಥೆ ಬಿಡಿ. ಕೊನೆಗೆ ಉಳಿದದ್ದು ಇಷ್ಟು:

ಬಿಳಿ (ಹುಡುಗ): ರಾಜ ಡಿ5, ಪಾನ್ ಇ5, ರೂಕ್ ಎ7.
ಕಪ್ಪು (ನಾನು): ರಾಜ ಇ8, ರೂಕ್ ಬಿ1. ನಡೆ ನನ್ನದು.

ರೂಕನ್ನು ಇ1ಕ್ಕೆ ತಂದು ಪಾನ್ ಹಿಂದೆ ನಿಲ್ಲಿಸಿದೆ. ಅವನು ರಾಜನನ್ನು ಇ6ಕ್ಕೆ ತಂದ. ಮುಂದೆ ಎ8ರಲ್ಲಿ ಮೇಟ್. ನಾನು ರಾಜನನ್ನು ಡಿ8ಕ್ಕೆ ಸರಿಸಿದೆ. ಎ8ರಿಂದ ಚೆಕ್, ನಾನು ಸಿ7. ಅವನ ರೂಕ್ ಇ8ಕ್ಕೆ ಬಂತು. ಆಮೇಲೆ ಹೇಳುವುದಕ್ಕೇನೂ ಇಲ್ಲ. ಕೈ ಕುಲುಕಿ ಅಮ್ಮನ ಹತ್ತಿರ ಓಡಿದ.

ಚೆಸ್ ಎಂಜಿನ್ (ನಡೆಗಳನ್ನು ಲೆಕ್ಕ ಹಾಕುವ ಪ್ರೋಗ್ರಾಂ) ಇನ್ನೂ ಹಾಕಿಲ್ಲ, ಮೊದಲು ನಾನೇ ಯೋಚಿಸೋಣ ಅಂತ. ಬಸ್ಸಲ್ಲಿ ಬರುವಾಗ ಹೊಳೆದದ್ದು: ರೂಕ್ ಬಿ6ಕ್ಕೆ ಹೋಗಿ ಆರನೇ ಸಾಲು ಕಾಯಬೇಕಿತ್ತು. ರೂಕ್ ಎಂಡ್‌ಗೇಮ್‌ನಲ್ಲಿ ಡ್ರಾ ಮಾಡಿಕೊಳ್ಳುವ ಫಿಲಿಡಾರ್ ರಕ್ಷಣೆ ಅಂದರೆ ಅದೇ ಅಲ್ವಾ? ಹಾಗಾದರೆ ಇ1 ಆಡಿದಾಗಲೇ ಸೋತೆನಾ?

ಆನೆಬಲ:
ಇಲ್ಲ ಸಾರ್. ಬಿ6 ತಲೆನೋವಿಲ್ಲದ ದಾರಿ, ಅಷ್ಟೇ. ಅಲ್ಲಿ ರೂಕ್ ಇದ್ದರೆ ಅವನ ರಾಜ ಆರನೇ ಸಾಲಿಗೆ ಕಾಲಿಡುವ ಹಾಗಿಲ್ಲ. ಪಾನ್ ಇ6ಕ್ಕೆ ಬಂದರೆ ನೀವು ಬಿ1ಕ್ಕೆ ಹೋಗಿ ಹಿಂದಿನಿಂದ ಚೆಕ್ ಕೊಡುತ್ತಾ ಕೂರಬಹುದು, ರಾಜನಿಗೆ ಅವಿತುಕೊಳ್ಳಲು ಜಾಗವಿಲ್ಲ.

ಆದರೆ ಇ1 ಕೂಡ ಡ್ರಾನೇ. ಬೋರ್ಡಲ್ಲಿ ಐದೇ ಕಾಯಿ, ಇಂಥ ಸ್ಥಿತಿಗಳ ಫಲಿತಾಂಶವನ್ನೆಲ್ಲ ಲೆಕ್ಕ ಹಾಕಿಟ್ಟಿರುವ ಟೇಬಲ್‌ಬೇಸ್‌ಗೆ ಹಾಕಿ ನೋಡಿ. ಸೋತದ್ದು ಡಿ8ರಲ್ಲಿ. ಎಫ್8 ಆಡಿದ್ದರೆ ಉಳಿಯುತ್ತಿದ್ದಿರಿ.

ಮೂರನೇ ಬೋರ್ಡ್:
ಎಫ್8? ಎಡಕ್ಕೋ ಬಲಕ್ಕೋ ಒಂದೇ ಮನೆ ತಾನೇ, ಅಷ್ಟು ವ್ಯತ್ಯಾಸ ಹೇಗೆ?

ಆನೆಬಲ:
ಇ ಪಾನಿನ ಬಲಕ್ಕೆ ಮೂರು ಫೈಲ್ (ಎಯಿಂದ ಎಚ್‌ವರೆಗಿನ ಲಂಬ ಸಾಲುಗಳು), ಎಡಕ್ಕೆ ನಾಲ್ಕು. ರಾಜ ಚಿಕ್ಕ ಕಡೆಗೆ ಹೋಗಬೇಕು, ಉದ್ದದ ಕಡೆಯನ್ನು ರೂಕಿಗೆ ಬಿಡಬೇಕು. ಪಕ್ಕದಿಂದ ಚೆಕ್ ಕೊಡಲು ರೂಕಿಗೂ ಪಾನಿಗೂ ನಡುವೆ ಮೂರು ಫೈಲ್ ಖಾಲಿ ಬೇಕು.

ಎಫ್8, ಅವನು ಎ8 ಚೆಕ್, ನೀವು ಜಿ7, ಅವನು ರೂಕ್ ಇ8. ಈಗ ನಿಮ್ಮ ರೂಕ್ ಎ1ಕ್ಕೆ. ನಡುವೆ ಬಿ, ಸಿ, ಡಿ ಇವೆ, ಚೆಕ್ ಬರುತ್ತಲೇ ಇರುತ್ತದೆ. ಅವನು ತಡೆಯಲು ರೂಕನ್ನು ಡಿ8ಕ್ಕೆ ತಂದರೆ ನೀವು ಮತ್ತೆ ಇ1ಕ್ಕೆ.

ನಿಮ್ಮ ಆಟದಲ್ಲಿ ರಾಜ ಸಿ7ರಲ್ಲಿ ಕೂತು ಉದ್ದದ ಕಡೆಯನ್ನು ತಾನೇ ನುಂಗಿದ. ರೂಕಿಗೆ ಉಳಿದದ್ದು ಎಚ್ ಫೈಲ್. ಎಚ್1ಕ್ಕೆ ಹೋದರೂ ಅವನು ರೂಕ್ ಜಿ8 ಆಡುತ್ತಾನೆ. ಎಚ್6ರಿಂದ ಚೆಕ್ ಕೊಟ್ಟರೆ ರಾಜ ಎಫ್7, ಆಮೇಲೆ ಎಚ್7ರಿಂದ ಕೊಟ್ಟರೆ ರೂಕ್ ಜಿ7ರಲ್ಲಿ ಅಡ್ಡ. ಚೆಕ್ ಖಾಲಿ.

ಕುದುರೆನಡೆ:
ಅದಿರಲಿ, ಆ ಹೊತ್ತಲ್ಲಿ ಡಿ8 ಯಾಕೆ ಆಡಿದಿರಿ? ಅದು ಯಾವ ಎಂಜಿನ್ನಿಗೂ ಗೊತ್ತಾಗುವುದಿಲ್ಲ.

ಮೂರನೇ ಬೋರ್ಡ್:
ಮೂಲೆಗೆ ಹೋದರೆ ಮೇಟ್ ಆಗುತ್ತದೆ ಅನ್ನೋ ಭಯ. ಚಿಕ್ಕವನಿದ್ದಾಗ ಅಪ್ಪ ಇದನ್ನು ರೂಕ್ ಅನ್ನದೆ ಆನೆ ಅನ್ನುತ್ತಿದ್ದರು. ಎರಡು ಆನೆ ಇಟ್ಟುಕೊಂಡು ನನ್ನ ರಾಜನನ್ನು ಅಂಚಿಗೆ ಅಟ್ಟಿ ಅಟ್ಟಿ ಸೋಲಿಸುತ್ತಿದ್ದರು. ಆ ಭಯ ಇನ್ನೂ ಹೋಗಿಲ್ಲ ಅನ್ನಿಸುತ್ತದೆ. ಗಡಿಯಾರದಲ್ಲಿ 40 ಸೆಕೆಂಡ್ ಇತ್ತು, ಯೋಚಿಸಿದ್ದು ಐದೇ ಸೆಕೆಂಡ್.

ರ‍್ಯಾಪಿಡ್‌ನಲ್ಲಿ ಬರೆಯಲೇಬೇಕೆಂದಿಲ್ಲ, ಆದರೂ ನಾನು ನಡೆ ಬರೆದುಕೊಳ್ಳುತ್ತೇನೆ. ಈಗ ಹಾಳೆ ತೆಗೆದು ನೋಡಿದೆ. ಡಿ8 ಪಕ್ಕದಲ್ಲಿ ನಾನೇ, ಒಳ್ಳೆಯ ನಡೆಗೆ ಹಾಕುವ ಗುರುತು, ಒಂದು ಆಶ್ಚರ್ಯಸೂಚಕ ಹಾಕಿಕೊಂಡಿದ್ದೇನೆ.