ಕೊರೊನಾ ಮತ್ತು ಹೆಣ್ಣುಮಕ್ಕಳ ಜನನಾಂಗ ಛೇದನ: ಆ 20 ಲಕ್ಷದ ಲೆಕ್ಕ ಎಲ್ಲಿಂದ ಬಂತು?

ತುಂಗಾತೀರ:
‘ಲಾಕ್‌ಡೌನ್‌ನಿಂದಾಗಿ 20 ಲಕ್ಷ ಹುಡುಗಿಯರ ಜನನಾಂಗ ಛೇದನವಾಯಿತು’ ಅನ್ನುವ ಮಾತು ಲೇಖನ, ಭಾಷಣಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಇದನ್ನು ತಡೆಯುವ ಕೆಲಸಕ್ಕೆ ಪೆಟ್ಟು ಬಿದ್ದದ್ದು ನಿಜ. ಆದರೆ ಸಾಂಕ್ರಾಮಿಕ ಬಂದರೆ ಛೇದನ ಹೆಚ್ಚಲೇಬೇಕು ಅಂತೇನಿಲ್ಲ. ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ 2014–15ರ ಎಬೋಲಾ ಕಾಲದಲ್ಲಿ ಅದು ಇಳಿದಿತ್ತು. ಕೊರೊನಾದಲ್ಲಿ ಹಾಗೇಕೆ ಆಗಲಿಲ್ಲ ಅನ್ನುವುದೇ ನನ್ನ ಪ್ರಶ್ನೆ.

ಗಣಕ:
ಮೊದಲು ಅಂಕಿ ನೋಡೋಣ. ಅದು ಎಣಿಕೆ ಅಲ್ಲ, ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2020ರ ಏಪ್ರಿಲ್‌ನಲ್ಲಿ ಕೊಟ್ಟ ಮುನ್ನಂದಾಜು. ತಡೆಯುವ ಕಾರ್ಯಕ್ರಮಗಳು ಹಿಂದೆ ಬಿದ್ದರೆ, ತಪ್ಪಿಸಬಹುದಾಗಿದ್ದ 20 ಲಕ್ಷ ಪ್ರಕರಣಗಳು ಮುಂದಿನ 10 ವರ್ಷಗಳಲ್ಲಿ ನಡೆದುಹೋಗುತ್ತವೆ ಎಂದು ಅದು ಹೇಳಿತ್ತು. ಲಾಕ್‌ಡೌನ್ ಶುರುವಾಗಿ ತಿಂಗಳಾಗಿತ್ತಷ್ಟೆ, ಎಣಿಸಲು ಯಾರಿಗೂ ಸಾಧ್ಯವಿರಲಿಲ್ಲ.

ಇನ್ನೊಂದು ತಪ್ಪೂ ಆಗುತ್ತಿದೆ. ಕೀನ್ಯಾದ ಆರೋಗ್ಯ ಸಮೀಕ್ಷೆಯಲ್ಲಿ ಛೇದನವಾದವರ ಪ್ರಮಾಣ 2014ರಲ್ಲಿ ಶೇ 21 ಇದ್ದದ್ದು 2022ರಲ್ಲಿ ಶೇ 15ಕ್ಕೆ ಇಳಿಯಿತು, ಹಾಗಾಗಿ ಕೊರೊನಾದಿಂದ ಏನೂ ಆಗಲಿಲ್ಲ ಅನ್ನುವವರಿದ್ದಾರೆ. ಆ ಶೇಕಡಾವಾರು 15ರಿಂದ 49 ವರ್ಷದ ಹೆಂಗಸರದ್ದು. 2020ರಲ್ಲಿ 9 ವರ್ಷದವಳಾಗಿದ್ದ ಹುಡುಗಿ ಆ ಲೆಕ್ಕಕ್ಕೆ ಬರುವುದು 2026ಕ್ಕೆ. ಚಿಕ್ಕ ಮಕ್ಕಳ ಬಗ್ಗೆ ತಾಯಂದಿರನ್ನು ಕೇಳುತ್ತಾರೆ, ಸರಿ. ಆದರೆ ಕಾನೂನು ಕಟ್ಟುನಿಟ್ಟಾಗಿರುವ ಕಡೆ ಯಾವ ತಾಯಿ ಬಾಯಿಬಿಡುತ್ತಾಳೆ?

ಸೂಲಗಿತ್ತಿ:
ಶಾಲೆಯ ವಿಷಯ ಇಲ್ಲಿ ಮುಖ್ಯ. ಗಾಯ ಮಾಯಲು ವಾರಗಟ್ಟಲೆ ಬೇಕು. ಸೊಮಾಲಿಯಾದಲ್ಲಿ ಹೆಚ್ಚಾಗಿರುವ, ವಿಶ್ವ ಆರೋಗ್ಯ ಸಂಸ್ಥೆ ಮೂರನೇ ಬಗೆ ಎಂದು ವಿಂಗಡಿಸಿರುವ ಛೇದನದಲ್ಲಿ ಯೋನಿಯ ತುಟಿಗಳನ್ನು ಕತ್ತರಿಸಿ ಹೊಲಿದು, ಗಾಯ ಕೂಡಿಕೊಳ್ಳಲೆಂದು ಕಾಲುಗಳನ್ನೂ ಕಟ್ಟಿಬಿಡುತ್ತಾರೆ. ಶಾಲೆ ನಡೆಯುತ್ತಿದ್ದರೆ ಅಷ್ಟು ದಿನ ಗೈರಾದ ಹುಡುಗಿ ಟೀಚರ ಕಣ್ಣಿಗೆ ಬಿದ್ದೇ ಬೀಳುತ್ತಾಳೆ. ಅದಕ್ಕೇ ಕೀನ್ಯಾದ ಹಲವೆಡೆ ಡಿಸೆಂಬರ್‌ನ ಉದ್ದ ರಜೆಯನ್ನು ಕಾಯುತ್ತಿದ್ದರು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳು ಮೂರು ತರಗತಿಗಳಿಗೆ ಅಕ್ಟೋಬರ್‌ನಲ್ಲಿ, ಉಳಿದವರಿಗೆ 2021ರ ಜನವರಿಯಲ್ಲಿ ತೆರೆದವು. ಸುಮಾರು ಒಂಬತ್ತು ತಿಂಗಳು ಯಾರೂ ಹಾಜರಿ ಕರೆಯಲಿಲ್ಲ. ವಸತಿ ಶಾಲೆಯನ್ನೇ ಆಸರೆಯಾಗಿಸಿಕೊಂಡಿದ್ದ ಹುಡುಗಿಯರು, ಯಾವ ಮನೆಯಿಂದ ತಪ್ಪಿಸಿಕೊಂಡಿದ್ದರೋ ಅದೇ ಮನೆಗೆ ಮರಳಬೇಕಾಯಿತು.

ಸೊಮಾಲಿಯಾದಲ್ಲಂತೂ ಕೊಯ್ಯುವ ಹೆಂಗಸರು ಮನೆಮನೆ ಬಾಗಿಲು ತಟ್ಟಿ ‘ಹುಡುಗಿ ಇದ್ದಾಳಾ?’ ಎಂದು ಕೇಳುತ್ತಿದ್ದರೆಂದು ಮಕ್ಕಳ ಹಕ್ಕುಗಳ ಸಂಸ್ಥೆಯಾದ ಪ್ಲಾನ್ ಇಂಟರ್‌ನ್ಯಾಷನಲ್ 2020ರ ಮೇನಲ್ಲೇ ವರದಿ ಮಾಡಿತ್ತು.

ತುಂಗಾತೀರ:
ನನ್ನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಅನ್ನಿಸುತ್ತಿದೆ. ಸಿಯೆರಾ ಲಿಯೋನ್‌ನಲ್ಲಿ ಛೇದನ ಬೊಂಡೊ ಎಂಬ ಹೆಂಗಸರ ಗುಪ್ತ ಕೂಟದ ದೀಕ್ಷೆಯ ಭಾಗ. ಹುಡುಗಿಯರನ್ನು ಗುಂಪಾಗಿ ಊರಾಚೆ ಕರೆದೊಯ್ಯಬೇಕು, ಹಬ್ಬದೂಟಕ್ಕೆ ದುಡ್ಡು ಹೊಂದಿಸಬೇಕು, ನಡೆಸಿಕೊಡಲು ‘ಸೊವೆ’ ಎಂಬ ಹಿರಿಯಳು ಬೇಕು. ಎಬೋಲಾ ರಕ್ತದಿಂದ ಹರಡುವ ರೋಗವಾದ್ದರಿಂದ ಬ್ಲೇಡ್ ಹಿಡಿಯುವವಳಿಗೇ ಜೀವಭಯ. ಆಗ ಸರ್ಕಾರ ಹೇರಿದ್ದ ನಿಷೇಧ ಹಿಡಿದದ್ದು ಹಾಗೆ. ಸೊಮಾಲಿಯಾದಲ್ಲಿ ಇದು ನಾಲ್ಕು ಗೋಡೆಯೊಳಗಿನ ಕೆಲಸ. ಜನ ಸೇರಬಾರದು ಅಂದರೆ ಅದಕ್ಕೇನು ಅಡ್ಡಿ?

ಹೊಂಗೆನೆರಳು:
ಒಪ್ಪಲಾರೆ. ಕೀನ್ಯಾದ ಮಿಗೊರಿ ಕೌಂಟಿಯ ಕುರಿಯಾ ಜನರಲ್ಲೂ ಇದು ಗುಂಪಿನ ಆಚರಣೆಯೇ. ಆದರೂ 2020ರ ಕೊನೆಯಲ್ಲಿ ಅಲ್ಲಿ ಛೇದನವಾದ ಹುಡುಗಿಯರನ್ನು ಹಾಡು, ಕುಣಿತದೊಂದಿಗೆ ಬೀದಿಯಲ್ಲೇ ಮೆರವಣಿಗೆ ಮಾಡಿದರು. ಜನ ಸೇರುವುದನ್ನು ನಿಷೇಧಿಸಿದ್ದಕ್ಕಿಂತ ರೋಗದ ಭಯ ಎಲ್ಲಿತ್ತು ಎಂಬುದು ದೊಡ್ಡದು. ಜತೆಗೆ ಹೊಟ್ಟೆಪಾಡು. ಕೂಲಿ ನಿಂತಿತ್ತು, ಸಂತೆ ಮುಚ್ಚಿತ್ತು, ಅದೇ ವರ್ಷ ಪೂರ್ವ ಆಫ್ರಿಕಾಕ್ಕೆ ಮಿಡತೆಗಳ ದಾಳಿ ಬೇರೆ. ಛೇದನವಾದ ಹುಡುಗಿಯನ್ನೇ ಮದುವೆಗೆ ಒಪ್ಪುವ ಕಡೆ, ಅವಳಿಗೆ ವಧುದಕ್ಷಿಣೆಯಾಗಿ ಬರುವ ದನಗಳೇ ಕುಟುಂಬಕ್ಕೆ ಗತಿ. ಕೊಯ್ಯುವವಳಿಗೂ ಅದೇ ಆದಾಯ. ಎಬೋಲಾ ಮುಗಿದ ಮೇಲೆ ಬೊಂಡೊ ಮತ್ತೆ ಶುರುವಾದದ್ದನ್ನೂ ಮರೆಯಬೇಡಿ, ನಿಂತದ್ದು ಆಚರಣೆ, ನಂಬಿಕೆ ಅಲ್ಲ.

ಕಾನೂನುಕಟ್ಟೆ:
ಕಾನೂನು ಇದ್ದೂ ಕೈಗೆ ಸಿಗಲಿಲ್ಲ ಅನ್ನುವುದನ್ನು ಸೇರಿಸಿ. ಕೀನ್ಯಾದ 2011ರ ಕಾಯ್ದೆ ಗಟ್ಟಿಯಾಗಿದೆ: ಕನಿಷ್ಠ ಮೂರು ವರ್ಷ ಸೆರೆ ಅಥವಾ ಎರಡು ಲಕ್ಷ ಶಿಲಿಂಗ್ ದಂಡ, ಹುಡುಗಿ ಸತ್ತರೆ ಜೀವಾವಧಿ, ಗಡಿ ದಾಟಿಸಿ ಮಾಡಿಸಿದರೂ ಅಪರಾಧ. ಆದರೆ ಸಂಜೆ 7ರಿಂದ ಬೆಳಿಗ್ಗೆ 5ರ ಕರ್ಫ್ಯೂ ಕಾಯುವುದೇ ಪೊಲೀಸರ ಕೆಲಸವಾಗಿತ್ತು. ಸುಡಾನ್ 2020ರಲ್ಲೇ ಛೇದನವನ್ನು ಅಪರಾಧವಾಗಿಸಿತು, ಒಳ್ಳೆಯದೇ, ಆದರೆ ಹಳ್ಳಿಗೆ ಹೋಗಿ ತಿಳಿಸುವವರಿಗೆ ಓಡಾಡಲು ಆಗದ ಹೊತ್ತು ಅದು. ಈಜಿಪ್ಟ್‌ನಲ್ಲಿ ಹೆಚ್ಚಿನ ಛೇದನ ನಡೆಸುವವರು ವೈದ್ಯಕೀಯದವರೇ. ಅಲ್ಲಿ 2020ರಲ್ಲಿ ಒಬ್ಬ ತಂದೆ ಕೊರೊನಾ ಲಸಿಕೆ ಅಂತ ಸುಳ್ಳು ಹೇಳಿ ಮೂವರು ಹೆಣ್ಣುಮಕ್ಕಳಿಗೆ ವೈದ್ಯನಿಂದಲೇ ಇದನ್ನು ಮಾಡಿಸಿದ. ಆಗಿನ್ನೂ ಲಸಿಕೆಯೇ ಬಂದಿರಲಿಲ್ಲ! ತಾಯಿಗೆ ತಿಳಿದು ದೂರು ಕೊಟ್ಟದ್ದರಿಂದ ಮೊಕದ್ದಮೆಯಾಯಿತು.

ನಮ್ಮಲ್ಲೂ ದಾವೂದಿ ಬೋಹ್ರಾ ಸಮುದಾಯದಲ್ಲಿ ಹುಡುಗಿಯರಿಗೆ ಸುಮಾರು 7ನೇ ವಯಸ್ಸಿಗೆ ಖತ್ನಾ (ಛೇದನ) ಮಾಡಿಸುವ ರೂಢಿ ಇದೆ. ಇದಕ್ಕೆಂದೇ ಕಾನೂನಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯನ್ನು 2018ರಲ್ಲಿ ದೊಡ್ಡ ಪೀಠಕ್ಕೆ ಒಪ್ಪಿಸಲಾಯಿತು.

ಗಣಕ:
ಸಹಾಯವಾಣಿ ಇತ್ತಲ್ಲ? ಕೀನ್ಯಾದಲ್ಲಿ 116 ಉಚಿತ ಕರೆ, ಜತೆಗೆ ರೇಡಿಯೊ ಕಾರ್ಯಕ್ರಮ.

ಹೊಂಗೆನೆರಳು:
ಇತ್ತು. ಫೋನ್ ಯಾರ ಕೈಯಲ್ಲಿತ್ತು ಅನ್ನಿ. ಮನೆಗೆ ಒಂದೇ ಮೊಬೈಲ್, ಅದು ಅಪ್ಪನ ಜೇಬಿನಲ್ಲಿ. ಇರುವುದೂ ಒಂದೇ ಕೋಣೆ. ಹುಡುಗಿ ಯಾರಿಗೂ ಕೇಳದಂತೆ ಹೇಗೆ ಮಾತಾಡಬೇಕು? ರೇಡಿಯೊ ಮಾಹಿತಿ ಕೊಡುತ್ತದೆ, ಆದರೆ ಇದು ಮಾಹಿತಿ ಇಲ್ಲದೆ ನಡೆಯುವ ಕೆಲಸವಲ್ಲ. ‘ಉಳಿದವರೆಲ್ಲ ಮಾಡಿಸುತ್ತಾರೆ, ನಮ್ಮ ಹುಡುಗಿಗೆ ಮಾತ್ರ ಗಂಡು ಸಿಗದೆ ಹೋದರೆ?’ ಅನ್ನುವ ಅಂಜಿಕೆಯಿಂದ ನಡೆಯುವುದು. ಆ ಅಂಜಿಕೆ ಹೋಗಬೇಕಾದರೆ ಪಕ್ಕದ ಮನೆಯವರು ‘ನಾವು ಬಿಟ್ಟೆವು’ ಎಂದು ಹತ್ತು ಜನರೆದುರು ಹೇಳುವುದನ್ನು ಕಣ್ಣಾರೆ ನೋಡಬೇಕು. ಬ್ಲೇಡ್ ಇಲ್ಲದ ಪರ್ಯಾಯ ದೀಕ್ಷೆ, ಊರೊಟ್ಟಿನ ಘೋಷಣೆ ಎಲ್ಲಕ್ಕೂ ಜನ ಸೇರಲೇಬೇಕು. ಅದೇ ನಿಂತುಹೋಯಿತು.

ಸೂಲಗಿತ್ತಿ:
ಹಾಗಂತ ಕೈಚೆಲ್ಲಬೇಕಿಲ್ಲ. ಶಾಲೆ ಮುಚ್ಚುವ ದಿನವೇ ಅಪಾಯದಲ್ಲಿರುವ ಹುಡುಗಿಯರ ಪಟ್ಟಿ ಟೀಚರ ಕೈಯಿಂದ ಊರಿನ ಆರೋಗ್ಯ ಕಾರ್ಯಕರ್ತೆಗೆ ಹೋಗಬೇಕು. ಬಾಣಂತಿ, ಮಗುವಿನ ಲಸಿಕೆ ಎಂದು ಅವಳಿಗೆ ಮನೆಯೊಳಗೆ ಹೋಗಲು ಕಾರಣವಿರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಅಕ್ಕಂದಿರಿಗೆ ಆಗಿದ್ದು ತಂಗಿಗೆ ಇನ್ನೂ ಆಗಿಲ್ಲದಿದ್ದರೆ ಆ ಮನೆ ಪಟ್ಟಿಯ ಮೇಲ್ಭಾಗದಲ್ಲಿರಬೇಕು. ಆಸರೆಮನೆಗಳನ್ನು ಅಗತ್ಯ ಸೇವೆಗೆ ಸೇರಿಸಿ, ಹೊಸದಾಗಿ ಬಂದವಳಿಗೆ 14 ದಿನ ಪ್ರತ್ಯೇಕ ಇರಲು ಒಂದು ಕೋಣೆ ಮೊದಲೇ ತೆಗೆದಿಡಬೇಕು. ಆ ಕೋಣೆ ಇಲ್ಲದಿದ್ದರೆ ರಾತ್ರಿ ಓಡಿಬಂದ ಹುಡುಗಿಯನ್ನು ಬಾಗಿಲಲ್ಲೇ ನಿಲ್ಲಿಸಬೇಕಾಗುತ್ತದೆ.

ಇನ್ನೊಂದನ್ನು ಯಾರೂ ಹೇಳುತ್ತಿಲ್ಲ. ಹೊಲಿಗೆ ಬಿಡಿಸುವ ಶಸ್ತ್ರಚಿಕಿತ್ಸೆಯನ್ನು ‘ತುರ್ತಲ್ಲ’ ಎಂದು ಮುಂದೂಡುವುದು ತಪ್ಪು. ಗರ್ಭಿಣಿಗೆ ಅದನ್ನು ಹೆರಿಗೆಗೆ ಮೊದಲೇ ಅಥವಾ ಹೆರಿಗೆಯ ಹೊತ್ತಿನಲ್ಲಿ, ತರಬೇತಿ ಇರುವವರು ಮಾಡಬೇಕು. ಆಸ್ಪತ್ರೆಗೆ ಬರಲು ಹೆದರಿ ಮನೆಯಲ್ಲೇ ಹೆರುವವಳಿಗೆ ಹೊಲಿದ ಜಾಗ ದಾರಿ ಬಿಡುವುದಿಲ್ಲ. ಹೆರಿಗೆ ತಡೆದು ನಿಲ್ಲುತ್ತದೆ, ಮೈ ಹರಿದು ರಕ್ತ ಹೋಗುತ್ತದೆ, ಕರ್ಫ್ಯೂ ಹೊತ್ತಿನಲ್ಲಿ ಗಾಡಿ ಸಿಗುವುದಿಲ್ಲ.

ತುಂಗಾತೀರ:
ಹೊಂಗೆನೆರಳು ಅವರು ಹೇಳಿದ ಕುರಿಯಾದ ಉದಾಹರಣೆ ಒಪ್ಪಿದೆ, ನನ್ನ ವಾದದಲ್ಲಿ ಅದು ಬಿಟ್ಟುಹೋಗಿತ್ತು. ಸೂಲಗಿತ್ತಿ ಅವರೇ, ಪಟ್ಟಿಯ ಬಗ್ಗೆ ಒಂದು ಆತಂಕ: ಅದು ಊರ ಹಿರಿಯರ ಕೈಗೆ ಸಿಕ್ಕರೆ?

ಸೂಲಗಿತ್ತಿ:
ಸಿಗಬಾರದು. ಅದಕ್ಕೇ ಪಟ್ಟಿಯಲ್ಲಿ ಹೆಸರು ಬೇಡ, ಮನೆ ಸಂಖ್ಯೆ ಮತ್ತು ಭೇಟಿಯ ದಿನ ಸಾಕು. ಹೊರಗಿನವರ ಕಣ್ಣಿಗೆ ಅದು ಲಸಿಕೆ ಪಟ್ಟಿಯಂತೆಯೇ ಕಾಣಬೇಕು.