ಎಸಿಟಾಲೋಪ್ರಾಮ್ ಜೊತೆ ಕಾಂಬಿಫ್ಲಾಮ್ ತಗೊಳ್ಳಬಹುದಾ?

ಮಂಡ್ಯದ ಮಗಳು: ಅಮ್ಮನಿಗೆ 66 ವರ್ಷ. ಖಿನ್ನತೆಗೆ ಎಸಿಟಾಲೋಪ್ರಾಮ್ 10 ಶುರುವಾಗಿದೆ. ಮಂಡಿ ನೋವು ಬಂದಾಗ ಮೊದಲಿಂದಲೂ ಕಾಂಬಿಫ್ಲಾಮ್ ನುಂಗುತ್ತಾರೆ. ಮೆಡಿಕಲ್ ಶಾಪಿನವರು ಏನೂ ಕೇಳದೆ ಸ್ಟ್ರಿಪ್ ಕೊಟ್ಟರು. ಎರಡೂ ಒಟ್ಟಿಗೆ ಆಗುತ್ತಾ?

ಗುಂಡಣ್ಣ: ನಾನು ವರ್ಷಗಟ್ಟಲೆ ಎರಡೂ ತಗೊಂಡಿದ್ದೇನೆ, ಏನೂ ಆಗಿಲ್ಲ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಔಷಧಿ ಮೇಷ್ಟ್ರು: ನಿಮಗೆ ಆಗಿಲ್ಲ, ಸಂತೋಷ. ಆದರೆ ಕೇಳಿದ್ದು 66ರ ಹೆಂಗಸಿನ ಬಗ್ಗೆ ಅಲ್ವಾ? ಕಾಂಬಿಫ್ಲಾಮಿನಲ್ಲಿ 400 ಮಿ.ಗ್ರಾಂ ಐಬುಪ್ರೊಫೆನ್, 325 ಮಿ.ಗ್ರಾಂ ಪ್ಯಾರಾಸಿಟಮಾಲ್ ಇದೆ. ತಕರಾರು ಐಬುಪ್ರೊಫೆನ್‌ದು. ಅದರಿಂದ ಹೊಟ್ಟೆಯಲ್ಲಿ ಹುಣ್ಣಾಗಬಹುದು. ಇನ್ನೊಂದು ಕಡೆ, ರಕ್ತ ಹೆಪ್ಪುಗಟ್ಟಲು ರಕ್ತದಲ್ಲಿನ ಪುಟ್ಟ ಕಣಗಳಾದ ಪ್ಲೇಟ್‌ಲೆಟ್‌ಗಳಿಗೆ ಸೆರೊಟೋನಿನ್ ಎಂಬ ರಾಸಾಯನಿಕ ಬೇಕು. ಅವು ಅದನ್ನು ತಾವೇ ತಯಾರಿಸುವುದಿಲ್ಲ, ರಕ್ತದಿಂದ ಹೀರಿಕೊಳ್ಳುತ್ತವೆ. ಎಸಿಟಾಲೋಪ್ರಾಮ್, ಸರ್ಟ್ರಾಲಿನ್, ಫ್ಲುಆಕ್ಸೆಟಿನ್‌ನಂಥ ಖಿನ್ನತೆ ಮಾತ್ರೆಗಳು ಹೀಗೆ ಹೀರಿಕೊಳ್ಳುವುದಕ್ಕೇ ಅಡ್ಡ ಬರುತ್ತವೆ. ಹುಣ್ಣಿನಿಂದ ರಕ್ತ ಬಂದರೆ ಬೇಗ ನಿಲ್ಲುವುದಿಲ್ಲ. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್ ಕೂಡ ಐಬುಪ್ರೊಫೆನ್ ಜಾತಿಯ ನೋವಿನ ಮಾತ್ರೆಗಳೇ.

ಗುಂಡಣ್ಣ: ಹೀಗೆ ಹೆದರಿಸಿದರೆ ಜನ ಖಿನ್ನತೆ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ ಸಾರ್. ಅದು ಇನ್ನೂ ಅಪಾಯ.

ಔಷಧಿ ಮೇಷ್ಟ್ರು: ಈ ಮಾತು ಒಪ್ಪಿದೆ. ಅದನ್ನು ದಿಢೀರ್ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ ಶುರುವಾಗಬಹುದು. ಬದಲಿಸಬೇಕಾದ್ದು ನೋವಿನ ಮಾತ್ರೆ. ಸಾಮಾನ್ಯವಾಗಿ ಮೊದಲ ಆಯ್ಕೆ ಬರೀ ಪ್ಯಾರಾಸಿಟಮಾಲ್, 500 ಅಥವಾ 650. ಆರೋಗ್ಯವಂತ ದೊಡ್ಡವರಿಗೂ ದಿನಕ್ಕೆ 4 ಗ್ರಾಂ ದಾಟಬಾರದು. ವಯಸ್ಸಾದವರಿಗೆ, ಲಿವರ್ ತೊಂದರೆ ಇದ್ದವರಿಗೆ, ಕುಡಿಯುವವರಿಗೆ ಇನ್ನೂ ಕಡಿಮೆ. ಎಷ್ಟು ಅಂತ ಡಾಕ್ಟರೇ ಹೇಳಬೇಕು. ನೆಗಡಿ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕಾಫಿತೋಟ: ಅಪ್ಪನ ಆಪರೇಷನ್ನಿನ ಅಲ್ಟ್ರಾಸೆಟ್ ನಮ್ಮನೆಯಲ್ಲಿ ಉಳಿದಿದೆ. ಅದೂ ನೋವಿನ ಮಾತ್ರೆಯೇ ತಾನೇ?

ಔಷಧಿ ಮೇಷ್ಟ್ರು: ಅಯ್ಯೋ, ಅದನ್ನು ಮುಟ್ಟಬೇಡಿ! ಅದರಲ್ಲಿ ಟ್ರಮಡಾಲ್ ಇದೆ. ಈ ಖಿನ್ನತೆ ಮಾತ್ರೆಗಳ ಜೊತೆ ಸೇರಿದರೆ ಸೆರೊಟೋನಿನ್ ವಿಪರೀತ ಏರಬಹುದು: ನಡುಕ, ಬೆವರು, ಜ್ವರ, ಗೊಂದಲ. ಫಿಟ್ಸ್ ಕೂಡ ಬರಬಹುದು. ಡೆಕ್ಸ್ಟ್ರೊಮೆಥಾರ್ಫಾನ್ ಇರುವ ಕೆಮ್ಮಿನ ಸಿರಪ್ಪನ್ನೂ ಕೇಳದೆ ಕುಡಿಯಬೇಡಿ.

ಮಂಡ್ಯದ ಮಗಳು: ಅಮ್ಮ ಹಾರ್ಟಿಗೆ ಇಕೋಸ್ಪ್ರಿನ್ 75 ಕೂಡ ತಗೊಳ್ಳುತ್ತಾರೆ. ಅದನ್ನು ನಿಲ್ಲಿಸಲಾ?

ಔಷಧಿ ಮೇಷ್ಟ್ರು: ಬೇಡಮ್ಮ, ನೀವಾಗಿ ನಿಲ್ಲಿಸಬೇಡಿ. ಆದರೆ ಅದರಲ್ಲಿರುವುದು ಆಸ್ಪಿರಿನ್, ಅದೂ ಸೇರಿದರೆ ರಕ್ತಸ್ರಾವದ ಅಪಾಯ ಇನ್ನೂ ಜಾಸ್ತಿ. ಕಾಂಬಿಫ್ಲಾಮ್ ಬದಿಗಿಡಿ. ಮೂರೂ ಸ್ಟ್ರಿಪ್ ಹಿಡಿದುಕೊಂಡು ಈ ವಾರವೇ ಡಾಕ್ಟರ ಹತ್ತಿರ ಹೋಗಿ. ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಬೇಕಾ ಅಂತಲೂ ಕೇಳಿ. ಅಷ್ಟರಲ್ಲಿ ಮಲ ಡಾಂಬರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.